ಒಂದೇ ಸಾಲಿನಲ್ಲಿ ನಿಲ್ಲದ ಕಾವಲುಗಾರರು

ಪುಣೆ ಕ್ಯಾಂಪಿನ ಮಹಾತ್ಮ ಗಾಂಧಿ ರಸ್ತೆಯನ್ನು ಹಳಬರು ಈಗಲೂ ಮೇನ್ ಸ್ಟ್ರೀಟ್ ಎಂದೇ ಕರೆಯುತ್ತಾರೆ. ಆ ರಸ್ತೆಯಲ್ಲಿ, ಅದರ ಅಡ್ಡರಸ್ತೆಗಳಲ್ಲಿ ಕಾವಲು ನಿಂತವರಿಗೆ ಬರವಿಲ್ಲ. ಆದರೆ ಎಲ್ಲರನ್ನೂ ಒಂದೇ ಹೆಸರಿನಿಂದ ಕೂಗುವಂತಿಲ್ಲ. ಬಟ್ಟೆ ಅಂಗಡಿಯ ಗಾಜಿನ ಬಾಗಿಲು ತೆಗೆದು ಸಲಾಮು ಹೊಡೆಯುವವನು 'ಸೆಕ್ಯುರಿಟಿ'. ಹಿಂದಿನ ಗಲ್ಲಿಯ ಹಳೆಯ ವಸತಿ ಕಟ್ಟಡದ ಮೆಟ್ಟಿಲ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತವರು 'ವಾಚ್‌ಮನ್ ಕಾಕಾ'. ಬ್ಯಾಂಕಿನ ಮುಂದೆ ಜೋಡಿನಳಿಗೆ ಬಂದೂಕು ಹಿಡಿದವನು 'ಗನ್‌ಮನ್'. ಡೇವಿಡ್ ಸಸೂನ್ ಕಟ್ಟಿಸಲು ತೊಡಗಿ 1867ರಲ್ಲಿ ಪೂರ್ತಿಯಾದ ಓಹೆಲ್ ಡೇವಿಡ್ ಸಿನಗಾಗ್‌ಗೆ ಊರವರ ಬಾಯಲ್ಲಿ ಲಾಲ್ ದೇವಳ್ ಎಂದು ಹೆಸರು. ಆ ಕೆಂಪು ಕಟ್ಟಡದ ಮುಂದಿರುವುದು ಪೊಲೀಸ್ 'ಬಂದೋಬಸ್ತು'. ಇನ್ನಷ್ಟು ದೂರ ನಡೆದು ಸೇನೆಯ ಕಾಂಪೌಂಡಿನ ಹತ್ತಿರ ಬಂದರೆ ಅಲ್ಲಿ ನಿಂತಿರುವವನು 'ಸೆಂಟ್ರಿ'. ಅವನನ್ನು ಯಾರೂ ಕಾಕಾ ಎನ್ನುವುದಿಲ್ಲ, ಅವನು ಯಾರಿಗೂ ಬಾಗಿಲು ತೆಗೆದು ನಗುವುದಿಲ್ಲ.

ಲಂಡನ್ನಿನ ವೈದ್ಯ ಪೀಟರ್ ಮಾರ್ಕ್ ರೋಜೆ 1852ರಲ್ಲಿ ಇಂಗ್ಲಿಷಿನ ಪದಗಳನ್ನೆಲ್ಲ ಅರ್ಥದ ಪ್ರಕಾರ ಗುಂಪು ಕಟ್ಟಿ 'ಥೆಸಾರಸ್' ಎಂಬ ಪುಸ್ತಕ ತಂದ. ಆ ಬಗೆಯ ಕೋಶಗಳಲ್ಲಿ ಗಾರ್ಡ್ ಎಂಬ ಪದ ಹುಡುಕಿದರೆ ಸೆಂಟ್ರಿ, ಸೆಂಟಿನೆಲ್, ವಾಚ್‌ಮನ್, ವಾರ್ಡನ್, ಕೀಪರ್, ಪಿಕೆಟ್ ಎಲ್ಲ ಅಲ್ಪವಿರಾಮ ಹಾಕಿಕೊಂಡು ಒಂದೇ ಸಾಲಿನಲ್ಲಿ ಸಿಗುತ್ತವೆ, ಒಂದರ ಬದಲು ಇನ್ನೊಂದನ್ನು ಬಳಸಬಹುದು ಎಂಬ ಧಾಟಿಯಲ್ಲಿ. ಕ್ಯಾಂಪಿನ ಬೀದಿ ಇದನ್ನು ಒಪ್ಪುವುದಿಲ್ಲ. ಇಲ್ಲಿ ಪ್ರತಿ ಪದಕ್ಕೂ ಅದರದೇ ಗೇಟು, ಅದರದೇ ಸಂಬಳ, ಅದರದೇ ಸಮವಸ್ತ್ರ. ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ಕಳುವಾದರೆ ತಲೆ ಕೊಡಬೇಕಾದವರು ಯಾರು?

ಮೊದಲು ಇಂಗ್ಲಿಷ್ ಪದದ ಮನೆತನವನ್ನು ಬೇಗ ಮುಗಿಸಿಬಿಡಬಹುದು. ಗಾರ್ಡ್ ಮತ್ತು ವಾರ್ಡ್ ಒಂದೇ ಬೇರಿನವು. ಹಳೆಯ ಜರ್ಮಾನಿಕ್ ಪದವೊಂದು ಫ್ರಾನ್ಸಿಗೆ ಹೋಗಿ, ಉತ್ತರದ ನಾರ್ಮನ್ನರ ಬಾಯಲ್ಲಿ 'ವ'ಕಾರ ಉಳಿಸಿಕೊಂಡಿತು, ಪ್ಯಾರಿಸ್ ಕಡೆಯವರ ಬಾಯಲ್ಲಿ 'ಗ'ಕಾರವಾಯಿತು. ಇಂಗ್ಲಿಷಿನವರು ಎರಡನ್ನೂ ಇಟ್ಟುಕೊಂಡರು. ಹಾಗಾಗಿ ಪಾಲಿಕೆಯ ವಾರ್ಡು, ಆಸ್ಪತ್ರೆಯ ವಾರ್ಡು, ಹಾಸ್ಟೆಲಿನ ವಾರ್ಡನ್, ಜೈಲಿನ ವಾರ್ಡರ್, ಶಾಲೆಯ ಅರ್ಜಿಯಲ್ಲಿ ಸಹಿ ಹಾಕುವ ಗಾರ್ಡಿಯನ್ ಎಲ್ಲರೂ ದಾಯಾದಿಗಳೇ. ಮಲಗುವ ಕೋಣೆಯ ವಾರ್ಡ್‌ರೋಬ್ ಕೂಡ ಇದೇ ವಂಶ. ಬಟ್ಟೆ ಕಾಯುವ ಜಾಗ ಎಂದು ಅದರ ಮೂಲಾರ್ಥ. ಕನ್ನಡಿಗರು ಇಷ್ಟನ್ನೂ ಅನುವಾದದ ಗೊಡವೆಗೆ ಹೋಗದೆ ಹಾಗೆಯೇ ಮನೆಗೆ ಕರೆದುಕೊಂಡಿದ್ದಾರೆ. ಕೆಲವನ್ನು ಸರ್ಕಾರವೇ ಹೊರಗೆ ಹಾಕುತ್ತದೆ. ಪುಣೆ ಸ್ಟೇಷನ್ನಿನಲ್ಲಿ ಹಸಿರು ಬಾವುಟ ಬೀಸುವ ರೈಲ್ವೆ ಗಾರ್ಡ್ 2022ರ ಜನವರಿಯಿಂದ ಕಾಗದಪತ್ರದಲ್ಲಿ 'ಟ್ರೇನ್ ಮ್ಯಾನೇಜರ್' ಆಗಿದ್ದಾರೆ. ಕೆಲಸ ಅದೇ, ಗಾರ್ಡ್ ಎಂದರೆ ಗೇಟಿನವನು ಎಂಬ ಅರ್ಥ ಗಟ್ಟಿಯಾಗಿಬಿಟ್ಟಿರುವ ಕಾಲದಲ್ಲಿ ಆ ಹೆಸರು ಅವರಿಗೆ ಸಾಕಾಗಿತ್ತು.

ವಾರ್ಡರ್ ಎಂಬುದಕ್ಕೆ ಪುಣೆಯಲ್ಲಿ ವಿಚಿತ್ರವಾದ ಒಂದು ಅರ್ಥವೂ ಇತ್ತು. ಯರವಡಾ ಜೈಲಿನಲ್ಲಿ ಒಳ್ಳೆಯ ನಡತೆಯ ಕೈದಿಗಳನ್ನೇ ಉಳಿದ ಕೈದಿಗಳ ಮೇಲೆ ಕಾವಲಿಗೆ ಹಾಕುತ್ತಿದ್ದರು. ಗಾಂಧೀಜಿ 1922ರಿಂದ 1924ರವರೆಗೆ ಅಲ್ಲಿದ್ದಾಗ ಅವರ ಮೇಲೂ ಇಂಥ ಕೈದಿ ವಾರ್ಡರುಗಳಿದ್ದರು. ಅವರಲ್ಲಿ ಆದನ್ ಎಂಬ ಸೊಮಾಲಿ ಸೈನಿಕನ ಬಗ್ಗೆ ಗಾಂಧೀಜಿ ಪ್ರೀತಿಯಿಂದ ಬರೆದಿದ್ದಾರೆ. ಕಾಯುವವನೂ ಒಳಗೆ, ಕಾಯಿಸಿಕೊಳ್ಳುವವನೂ ಒಳಗೆ.

ಇನ್ನು ಕ್ಯಾಂಪಿನ ಮಾತು. 1817ರ ನವೆಂಬರ್ 5ರಂದು ಖಡಕಿಯಲ್ಲಿ ಪೇಶ್ವೆಯ ಸೈನ್ಯ ಸೋತಿತು. ಊರಿನ ಪೂರ್ವಕ್ಕೆ ಬ್ರಿಟಿಷರ ದಂಡು ಬೀಡುಬಿಟ್ಟಿತು, ಮತ್ತೆ ಎದ್ದು ಹೋಗಲಿಲ್ಲ. ಇಂಗ್ಲಿಷರು ಅದನ್ನು ಕ್ಯಾಂಪ್ ಎಂದರು, ಮರಾಠಿಯವರು ಲಷ್ಕರ್ ಎಂದರು. ಅಲ್ಲಿನ ಪೊಲೀಸ್ ಠಾಣೆಯ ಹೆಸರು ಇವತ್ತಿಗೂ ಲಷ್ಕರ್ ಪೊಲೀಸ್ ಠಾಣೆ. 1809ರಲ್ಲಿ ಬೆಂಗಳೂರಿನಲ್ಲಿ ಇಂಥದೇ ನೆಲೆ ಹುಟ್ಟಿದಾಗ ಕನ್ನಡಿಗರು ಅದಕ್ಕೆ ದಂಡು ಎಂದು ಹೆಸರಿಟ್ಟರು; 'ದಂಡು ರೈಲು ನಿಲ್ದಾಣ' ಎಂದರೆ ಇಂದಿಗೂ ದಾರಿ ತೋರಿಸುವವರು ಸಿಗುತ್ತಾರೆ. ಎರಡೂ ಕಡೆ ಊರು ಬೇರೆ, ದಂಡು ಬೇರೆ, ನಡುವೆ ಗೇಟು. ಕ್ವಾರ್ಟರ್ ಗೇಟ್, ಪೂಲ್‌ಗೇಟ್ ಎಂಬ ಹೆಸರುಗಳು ಪುಣೆಯ ಬಸ್ಸುಗಳ ಫಲಕದ ಮೇಲೆ ಓಡಾಡುತ್ತಲೇ ಇವೆ.

ದಂಡಿನ ಗೇಟಿನಲ್ಲಿ ನಿಂತವನೇ ಸೆಂಟ್ರಿ. ಇಟಾಲಿಯನ್ನಿನ ಸೆಂಟಿನೆಲ್ಲಾ ಇಂಗ್ಲಿಷಿಗೆ ಬಂದು ಸೆಂಟಿನೆಲ್ ಆಯಿತು, ಸೆಂಟ್ರಿ ಅದರ ಜೊತೆಯದು. ಅದು ಹಿಂದುಸ್ತಾನಿ ಸಿಪಾಯಿಗಳ ಬಾಯಿಗೆ ಬಿದ್ದು ಸಂತ್ರಿಯಾಗಿ, ಮಂತ್ರಿಯ ಜೊತೆ ಪ್ರಾಸ ಕೂಡಿಸಿಕೊಂಡು ಗಾದೆಯ ಅಂತಸ್ತಿಗೇರಿತು: ಮಂತ್ರಿಯಿಂದ ಸಂತ್ರಿಯವರೆಗೆ ಎಲ್ಲರೂ ಒಂದೇ ಎಂದು ಜನ ಬೈಯುವಾಗ ಬೇಕಾಗುವ ಮಾತು. ಆ ಸಂತ್ರಿಗೆ ಕಲಿಸಿದ ಇಂಗ್ಲಿಷ್ ಮೂರೇ ಪದ. ಕತ್ತಲಲ್ಲಿ ಹೆಜ್ಜೆ ಸಪ್ಪಳ ಕೇಳಿದರೆ 'ಹೂ ಕಮ್ಸ್ ದೇರ್' ಎಂದು ಕೂಗಬೇಕು. ಸಿಪಾಯಿಗಳ ಬಾಯಲ್ಲಿ ಅದು 'ಹುಕುಂದಾರ್' ಆಯಿತು. ಹುಕುಂ ಉಳ್ಳವನು ಎಂಬ ಅರ್ಥ ತಾನಾಗಿಯೇ ಬಂದು ಕೂತಿತು. ಸಾಹೇಬರು ಇದನ್ನು ತಮಾಷೆಯಾಗಿ ಬರೆದಿಟ್ಟರು. ಆದರೆ ಸಿಪಾಯಿಯ ಕಿವಿ ದಡ್ಡ ಎಂದುಕೊಳ್ಳಬೇಕಿಲ್ಲ. ಕತ್ತಲಿನಲ್ಲಿ ಬರುವವನು ಯಾರೆಂದು ತಿಳಿಯಬೇಕಿದ್ದದ್ದು ಅವನ ಬಳಿ ಹುಕುಂ ಇದೆಯೇ ಎಂದು ನೋಡುವುದಕ್ಕೇ ಅಲ್ಲವೇ?

ಸೆಂಟ್ರಿ ಕಾಯುತ್ತಿದ್ದುದು ಸರ್ಕಾರದ ಮದ್ದುಗುಂಡು, ಖಜಾನೆ, ಪಲ್ಟನ್ನಿನ ನಿಶಾನೆ. ಸಾಹೇಬರ ಮನೆಯ ಬೆಳ್ಳಿ ಚಮಚ, ಕುದುರೆ ಜೀನು, ಮೇಮ್‌ಸಾಹೇಬರ ಒಡವೆ ಕಾಯಲು ಅವನು ಬರುವಂತಿರಲಿಲ್ಲ. ಬಂಗಲೆಗೆ ಬೇರೆ ಕಾವಲು ಬೇಕು. ಪುಣೆಯಲ್ಲಿ ಆ ಕೆಲಸಕ್ಕೆ ಬಂದವರು ರಾಮೋಶಿಗಳು.

ಪುಣೆ, ಸಾತಾರಾ, ಕೊಲ್ಹಾಪುರದ ನಡುವಿನ ಗುಡ್ಡಗಾಡಿನ ಈ ಜನಕ್ಕೆ ಹಳ್ಳಿ ಕಾಯುವುದು ವಂಶಪಾರಂಪರ್ಯದ ಹಕ್ಕು. ಪುರಂದರದಂಥ ಕೋಟೆಯ ಕಾವಲೂ ಅವರದಾಗಿತ್ತು. ಪ್ರತಿಯಾಗಿ ಇನಾಮು ಭೂಮಿ, ಸುಗ್ಗಿಯಲ್ಲಿ ಕಾಳು, ಊರಿನ ಸಣ್ಣಪುಟ್ಟ ಕಾಣಿಕೆ. ಈ ಹಕ್ಕಿನ ಬೆನ್ನಿಗೇ ಗಟ್ಟಿಯಾದ ಒಂದು ಹೊಣೆಯೂ ಅಂಟಿಕೊಂಡಿತ್ತು. ಊರಲ್ಲಿ ಕಳವಾದರೆ ಕಳ್ಳನನ್ನು ಹಿಡಿದು ತರಬೇಕು, ಇಲ್ಲವೇ ಮಾಲು ತರಬೇಕು, ಎರಡೂ ಆಗದಿದ್ದರೆ ನಷ್ಟ ತುಂಬಿಕೊಡಬೇಕು. ಪೇಶ್ವೆಯಿಂದ ಗೆದ್ದ ಸೀಮೆಯ ಬಗ್ಗೆ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ 1819ರಲ್ಲಿ ಸಲ್ಲಿಸಿದ ವರದಿಯಲ್ಲಿ ಹಳ್ಳಿಯ ಕಾವಲಿನ ಈ ಪದ್ಧತಿ ದಾಖಲಾಗಿದೆ. ಕಾವಲಿನವನು ಕಳ್ಳನ ಹೆಜ್ಜೆಗುರುತು ಹಿಡಿದು ಹೊರಡುತ್ತಿದ್ದ. ಗುರುತು ಪಕ್ಕದ ಊರಿನ ಗಡಿ ಮುಟ್ಟಿದರೆ ಆ ಊರಿನ ಕಾವಲಿನವನನ್ನು ಕರೆದು ಒಪ್ಪಿಸುತ್ತಿದ್ದ. ಅಲ್ಲಿಂದ ಮುಂದೆ ಹೊಣೆ ಆ ಊರಿನದು. ಗುರುತು ಎಲ್ಲಿ ಮಾಯವಾಯಿತೋ ಆ ಊರು ಜವಾಬು ಹೇಳಬೇಕು. ಇಂದಿನ ವಿಮಾ ಕಂಪನಿಗಳು ಫಾರಂ ತುಂಬಿಸಿಕೊಂಡು ಮಾಡುವುದನ್ನು ಆ ಕಾಲ ಬರಿಗಾಲಿನಲ್ಲಿ ಮಾಡುತ್ತಿತ್ತು.

ಕ್ಯಾಂಪಿನ ಬಂಗಲೆಗಳು ಇದೇ ವ್ಯವಸ್ಥೆಯನ್ನು ನಗದು ಸಂಬಳಕ್ಕೆ ಇಳಿಸಿಕೊಂಡವು. ಒಬ್ಬ ರಾಮೋಶಿಯನ್ನು ಇಟ್ಟುಕೊಂಡರೆ ಮನೆಗೆ ಕಳ್ಳರ ಕಾಟವಿಲ್ಲ, ಇಟ್ಟುಕೊಳ್ಳದಿದ್ದರೆ ಉಂಟು ಎಂಬ ಮಾತು ಸಾಹೇಬರಲ್ಲಿ ಚಾಲ್ತಿಯಲ್ಲಿತ್ತು. 1886ರಲ್ಲಿ ಹೊರಬಂದ ಯೂಲ್ ಮತ್ತು ಬರ್ನೆಲ್‌ರ 'ಹಾಬ್ಸನ್-ಜಾಬ್ಸನ್' ಕೋಶದಲ್ಲಿ ರಾಮೋಶಿ ಎಂಬುದಕ್ಕೆ ನಮೂದೇ ಇದೆ. ಪಶ್ಚಿಮ ಭಾರತದ ಆಂಗ್ಲ ಮನೆಗಳಲ್ಲಿ ಬಾಡಿಗೆ ಚೌಕಿದಾರರಾಗಿ ಇವರು ಆಗಲೂ ಸಾಮಾನ್ಯವೆಂದು ಅದು ಹೇಳುತ್ತದೆ; ಜೊತೆಗೆ ಇವರನ್ನು ಕಳ್ಳರ ಜಾತಿಯವರೆಂದೂ ಕರೆಯುತ್ತದೆ. ಕಾವಲಿಗೂ ಕಳ್ಳತನಕ್ಕೂ ಒಂದೇ ಕುಲದ ಹೆಸರು ಬರೆಯುವ ಈ ಧೈರ್ಯ ಕೋಶಕಾರರದ್ದಷ್ಟೇ ಅಲ್ಲ, ಆ ಆಡಳಿತದ್ದು. 1871ರ ಅಪರಾಧಿ ಬುಡಕಟ್ಟು ಕಾಯ್ದೆ ಬಂದದ್ದು ಇದೇ ಬುದ್ಧಿಯಿಂದ. ಹೊಸ ಸರ್ಕಾರ ಕೋಟೆಗಳ ಕಾವಲನ್ನು ಕಿತ್ತುಕೊಂಡು, ಇನಾಮುಗಳ ಲೆಕ್ಕ ಕೇಳತೊಡಗಿದ ಮೇಲೆ ಈ ಜನ ಗುಡ್ಡ ಹತ್ತಿದರು ಎಂಬ ಸರಳ ಕಾರಣಕ್ಕೆ ಕೋಶದಲ್ಲಿ ಜಾಗ ಸಿಗಲಿಲ್ಲ.

ಗುಡ್ಡ ಹತ್ತಿದವರಲ್ಲಿ ದೊಡ್ಡ ಹೆಸರು ಉಮಾಜಿ ನಾಯಿಕ. ಪುರಂದರದ ಬುಡದ ಭಿವಡಿಯವನು. 1826ರಿಂದ ಐದಾರು ವರ್ಷ ಪುಣೆ ಸೀಮೆಯನ್ನು ಗಡಗಡಿಸಿದ. ನಡುವೆ ಒಮ್ಮೆ ಕಂಪನಿ ಸರ್ಕಾರ ಅವನಿಗೆ ಕ್ಷಮೆ ಕೊಟ್ಟು, ಅವನನ್ನೇ ಸೀಮೆಯ ಕಾವಲಿಗೆ ಇಟ್ಟುಕೊಂಡಿತ್ತು. ಹಳೆಯ ರಾಜ್ಯಗಳ ಈ ಉಪಾಯ ಈ ಸಲ ಫಲಿಸಲಿಲ್ಲ. ಕಡೆಗೆ ಹಿಡಿದು 1832ರ ಫೆಬ್ರುವರಿಯಲ್ಲಿ ಪುಣೆಯಲ್ಲಿ ಗಲ್ಲಿಗೇರಿಸಿದರು. ಮರುವರ್ಷವೇ ಕ್ಯಾಪ್ಟನ್ ಅಲೆಕ್ಸಾಂಡರ್ ಮ್ಯಾಕಿಂಟಾಷ್ ರಾಮೋಶಿಗಳ ಕುಲ ಮತ್ತು ಉಮಾಜಿಯ ಬದುಕಿನ ಬಗ್ಗೆ ಪುಸ್ತಕ ಪ್ರಕಟಿಸಿದ. ಎದುರಾಳಿಯೇ ಬರೆದ ಚರಿತ್ರೆ. ಆದರೂ ಆ ಜನರ ಬಗ್ಗೆ ಅಷ್ಟು ಹಳೆಯ, ಅಷ್ಟು ವಿವರವಾದ ದಾಖಲೆ ಬೇರೆ ಸಿಗುವುದು ಕಷ್ಟ.

ಈ ಕಥೆಯ ಎರಡನೆಯ ಭಾಗ ಕ್ಯಾಂಪಿನ ಕಚೇರಿಯಿಂದ ಹೊರಟು ಕನ್ನಡ ನೆಲದಲ್ಲಿ ಮುಗಿಯುತ್ತದೆ. ವಾಸುದೇವ ಬಳವಂತ ಫಡಕೆ ಪುಣೆಯಲ್ಲಿ ಸೈನ್ಯದ ಲೆಕ್ಕಪತ್ರ ಇಲಾಖೆಯ ಗುಮಾಸ್ತ. 1876–77ರ ಬರ ಕಂಡ ಮೇಲೆ ಸರ್ಕಾರದ ವಿರುದ್ಧ ದಂಡು ಕಟ್ಟಲು ಹೊರಟಾಗ ಓದಿದವರು ಜೊತೆಗೆ ಬರಲಿಲ್ಲ, ಬಂದವರು ರಾಮೋಶಿಗಳು. 1879ರ ಜುಲೈ 20ರಂದು ಜ್ವರದಲ್ಲಿ ಬಳಲಿದ್ದ ಫಡಕೆಯನ್ನು ಮೇಜರ್ ಡೇನಿಯಲ್ ಹಿಡಿದದ್ದು ಆಗಿನ ಕಲಾದಗಿ ಜಿಲ್ಲೆಯ, ಈಗಿನ ವಿಜಯಪುರ ಜಿಲ್ಲೆಯ ದೇವರ ನಾವದಗಿಯಲ್ಲಿ. ವಿಚಾರಣೆ ಪುಣೆಯಲ್ಲಿ, ಶಿಕ್ಷೆ ಏಡನ್ನಿನಲ್ಲಿ, ಸಾವು 1883ರ ಫೆಬ್ರುವರಿ 17ರಂದು ಅಲ್ಲಿಯೇ. ಪುಣೆಯ ಕಾವಲುಗಾರರ ಪಡೆ ಕಟ್ಟಿದವನು ಕನ್ನಡ ಸೀಮೆಯಲ್ಲಿ ಸಿಕ್ಕಿಬಿದ್ದದ್ದು ಬರೀ ಆಕಸ್ಮಿಕ ಇರಬಹುದು. ಆದರೆ ರಾಮೋಶಿಗಳಿಗೆ ತೆಂಕಣದ ನಂಟು ಹಳೆಯದು. ಅವರ ಒಳಭಾಷೆಯಲ್ಲಿ ತೆಲುಗಿನ ಪದಗಳಿರುವುದನ್ನು ಹಾಬ್ಸನ್-ಜಾಬ್ಸನ್ನೇ ಗುರುತಿಸಿದೆ. ಬೇಡರ ಕುಲದೊಂದಿಗೆ ಅವರ ಹೆಸರು ಜೋಡಿಯಾಗಿಯೇ ಬರುತ್ತದೆ. ಮಹಾರಾಷ್ಟ್ರದ ವಿಮುಕ್ತ ಜಾತಿಗಳ ಪಟ್ಟಿಯಲ್ಲಿ ರಾಮೋಶಿಯೂ ಇದೆ, ಬೇಡರ ಮರಾಠಿ ಹೆಸರಾದ ಬೇರಡವೂ ಇದೆ, ಬೇರಡರ ಒಳಗೆ ತಳವಾರವೂ ಇದೆ.

ತಳವಾರ ಎಂಬ ಹೆಸರು ಕಂಡೊಡನೆ ಕನ್ನಡದ ಓದುಗ ನೆಟ್ಟಗೆ ಕೂರುತ್ತಾನೆ. ಉತ್ತರ ಕರ್ನಾಟಕದ ಯಾವ ಊರಲ್ಲಿ ತಳವಾರ ಓಣಿ ಇಲ್ಲ? ಹಳ್ಳಿಯಲ್ಲಿ ಗೌಡ, ಕುಲಕರ್ಣಿ ಕಾಗದದ ಮೇಲಿನ ಅಧಿಕಾರಿಗಳಾದರೆ ತಳವಾರ ರಾತ್ರಿಯ ಅಧಿಕಾರಿ. ಡಂಗುರ ಸಾರುವುದು, ಪರವೂರಿನವರ ಮೇಲೆ ಕಣ್ಣಿಡುವುದು, ಕಣದಲ್ಲಿ ರಾಶಿ ಕಾಯುವುದು, ಕಳುವಿನ ಜಾಡು ಹಿಡಿಯುವುದು ಅವನ ಪಾಲು. ಹುದ್ದೆ ಕುಲವಾಯಿತು, ಕುಲ ಅಡ್ಡಹೆಸರಾಯಿತು, ಅಡ್ಡಹೆಸರು ಕಾನೂನಿನ ಪದವಾಯಿತು. ಪರಿವಾರ ಮತ್ತು ತಳವಾರ ಎಂಬವು ನಾಯಕ ಸಮುದಾಯದ ಪರ್ಯಾಯ ಹೆಸರುಗಳು ಎಂದು ಸಂಸತ್ತು ಒಪ್ಪಿ, 2020ರಲ್ಲಿ ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಿತು. ಸಮಾನಾರ್ಥಕ ಪದ ಯಾವುದು ಎಂಬ ತಕರಾರನ್ನು ನಿಘಂಟು ಬಿಟ್ಟು ಸಂಸತ್ತು ತೀರ್ಮಾನಿಸಿದ ಅಪರೂಪದ ಪ್ರಸಂಗ ಇದು. ಇಲ್ಲಿ ಒಂದು ಪದ ಸಾಲಿನೊಳಗೆ ಬರುವುದು ಬಿಡುವುದರ ಮೇಲೆ ಮಕ್ಕಳ ಕಾಲೇಜು ಸೀಟು, ನೌಕರಿ ನಿಂತಿದ್ದವು.

ಕೊತ್ವಾಲನ ಹಾದಿ ಇದಕ್ಕೆ ಉಲ್ಟಾ. ಕೋಟೆಯ ಪಾಲಕ ಎಂಬ ಮೂಲದಿಂದ ಬಂದ ಈ ಪದ ಪೇಶ್ವೆಯ ಪುಣೆಯಲ್ಲಿ ನಗರದ ಪೊಲೀಸ್ ಮುಖ್ಯಸ್ಥನಿಗೆ ಸಲ್ಲುತ್ತಿತ್ತು. ರಾತ್ರಿ ತೋಪು ಹಾರಿದ ಮೇಲೆ ಬೀದಿಯಲ್ಲಿ ಸಿಕ್ಕವರನ್ನು ಒಳಗೆ ಹಾಕುವ ಅಧಿಕಾರ ಅವನದು. ಅಂಥ ಒಬ್ಬ ಘಾಶಿರಾಮನ ಸೆರೆಯಲ್ಲಿ 1791ರಲ್ಲಿ ತೆಲಂಗ ಬ್ರಾಹ್ಮಣರು ಉಸಿರುಕಟ್ಟಿ ಸತ್ತರು. ರೊಚ್ಚಿಗೆದ್ದ ಜನ ಅವನನ್ನು ಕಲ್ಲು ಹೊಡೆದು ಕೊಂದರು. ಅವನನ್ನೇ ಕುರಿತ ವಿಜಯ ತೆಂಡೂಲ್ಕರರ ನಾಟಕ 1972ರ ಡಿಸೆಂಬರಿನಲ್ಲಿ ಪುಣೆಯಲ್ಲೇ ರಂಗಕ್ಕೆ ಬಂದ ಮೇಲೆ ಕೊತ್ವಾಲ ಎಂಬ ಪದದ ಮಾನ ಪೂರ್ತಿ ಹೋಯಿತು. ಬೆಂಗಳೂರಿನಲ್ಲಿ 1980ರ ದಶಕಕ್ಕೆ ಬರುವಷ್ಟರಲ್ಲಿ ಅದು ಒಬ್ಬ ಭೂಗತ ದೊರೆಯ ಹೆಸರಿನ ಮುಂದೆ ಕೂತಿತ್ತು.

ಕನ್ನಡದ್ದೇ ಪದಗಳ ಲೆಕ್ಕ ತೆಗೆದರೆ ಕಾವಲಿನ ಏಣಿ ಇನ್ನೂ ಉದ್ದವಿದೆ. ಶಾಸನಗಳ ಕಾಲದಲ್ಲಿ ಅರಮನೆಯ ಬಾಗಿಲಲ್ಲಿ ನಿಲ್ಲುವವನು ಪಡಿಯರ. ಸಂಸ್ಕೃತದ ಪ್ರತಿಹಾರ ಕನ್ನಡದಲ್ಲಿ ನಯವಾದದ್ದು ಹೀಗೆ. ಊರ ಹೊರಗಿನ ಕಾವಲಿನ ಕಟ್ಟೆ ಉಕ್ಕಡ; ಶ್ರೀರಂಗಪಟ್ಟಣದ ಕಡೆಯ ಆರತಿ ಉಕ್ಕಡಕ್ಕೆ ಹರಕೆ ಹೊತ್ತು ಹೋಗುವವರ ನಾಲಗೆಯ ಮೇಲೆ ಆ ಪದ ಇನ್ನೂ ಇದೆ. ಕರಾವಳಿಯಲ್ಲಿ ಚೌಕಿ ಎಂದರೆ ಪೊಲೀಸರೇ ನೆನಪಾಗುವುದಿಲ್ಲ, ಯಕ್ಷಗಾನದ ವೇಷಧಾರಿಗಳು ಬಣ್ಣ ಹಚ್ಚುವ ಮನೆ ನೆನಪಾಗುತ್ತದೆ. ಏಣಿಯ ತುದಿಯಲ್ಲಿ ನಿಂತವರು ಹೊಯ್ಸಳರ ಗರುಡರು. ಒಡೆಯ ಸತ್ತರೆ ತಾವೂ ಸಾಯುವೆವು ಎಂದು ಭಾಷೆ ಕೊಟ್ಟ ಅಂಗರಕ್ಷಕರು. ಎರಡನೆಯ ವೀರಬಲ್ಲಾಳನ ಗರುಡನಾಗಿದ್ದ ಕುವರ ಲಕ್ಷ್ಮ ದಂಡನಾಯಕ ಹೆಂಡತಿ ಸುಗ್ಗಲದೇವಿ ಮತ್ತು ಸಾವಿರ ಮಂದಿ ವೀರರೊಂದಿಗೆ ಪ್ರಾಣ ಕೊಟ್ಟ ಕಥೆ ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ಆವರಣದ ಕಂಬದ ಮೇಲಿದೆ. ಎಂ. ಚಿದಾನಂದಮೂರ್ತಿಯವರು 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ'ದಲ್ಲಿ ಇಂಥ ವೇಳೆವಾಳಿಗಳ ಬಗ್ಗೆ ವಿಸ್ತಾರವಾಗಿ ಬರೆದಿದ್ದಾರೆ. ಪುಣೆಯ ರಾಮೋಶಿ ನಷ್ಟವನ್ನು ಕಾಳಿನಲ್ಲಿ, ಹಣದಲ್ಲಿ ತುಂಬಿಕೊಡಬೇಕಿತ್ತು. ಹಳೇಬೀಡಿನ ಗರುಡ ತಲೆಯಲ್ಲಿ ತುಂಬಿಕೊಟ್ಟ.

ಹಳೆಯ ಮೈಸೂರಿನಲ್ಲಿ ಕಾವಲು ಎಂದರೆ ಮನುಷ್ಯನೂ ಅಲ್ಲ, ಅದು ಹುಲ್ಲುಗಾವಲು. ಅರಮನೆಯ ದನಗಳಿಗೆಂದು ಮೀಸಲಿಟ್ಟು ಕಾದಿರಿಸಿದ ಬಯಲು. ಬೆಣ್ಣೆ ಚಾವಡಿ ಎಂದು ಶುರುವಾಗಿ, ಟಿಪ್ಪುವಿನ ಕಾಲದಲ್ಲಿ ಅಮೃತ್ ಮಹಲ್ ಎಂದು ಹೆಸರು ಪಡೆದ ಇಲಾಖೆಯ ಎತ್ತುಗಳು ಈ ಕಾವಲುಗಳಲ್ಲಿ ಮೇದವು. ಬೆಂಗಳೂರಿನ ಕಾವಲ್ ಭೈರಸಂದ್ರ, ಜಾರಕಬಂಡೆ ಕಾವಲ್ ಎಂಬ ಹೆಸರುಗಳಲ್ಲಿ ಆ ಅರ್ಥ ಉಳಿದುಕೊಂಡಿದೆ, ಹುಲ್ಲು ಉಳಿದಿಲ್ಲ. ಕ್ಯಾಂಪಿನ ಚರಿತ್ರೆಗೂ ಈ ಬಯಲಿಗೂ ಸಂಬಂಧವಿದೆ. 1803ರಲ್ಲಿ ಪೇಶ್ವೆ ಎರಡನೆಯ ಬಾಜಿರಾಯನನ್ನು ಮತ್ತೆ ಗದ್ದುಗೆಗೆ ಕೂರಿಸಲು ಆರ್ಥರ್ ವೆಲ್ಲೆಸ್ಲಿ ಹರಿಹರದಿಂದ ಹೊರಟಾಗ ಅವನ ತೋಪು, ಸಾಮಾನು ಎಳೆದದ್ದು ಮೈಸೂರಿನ ಎತ್ತುಗಳು. ಪುಣೆಗೆ ಬೆಂಕಿ ಬೀಳುತ್ತದೆಂಬ ಸುದ್ದಿ ಬಂದು, ಕುದುರೆ ಪಡೆಯೊಂದಿಗೆ ಸುಮಾರು 60 ಮೈಲಿಯನ್ನು 32 ಗಂಟೆಯಲ್ಲಿ ಓಡಿ ಏಪ್ರಿಲ್ 20ಕ್ಕೆ ಅವನು ಪುಣೆ ಸೇರಿದ. ಮುಂದೆ ವೆಲಿಂಗ್ಟನ್ ಡ್ಯೂಕ್ ಆದ ಮೇಲೂ ಮೈಸೂರಿನ ಎತ್ತುಗಳನ್ನು ಅವನು ಮರೆಯಲಿಲ್ಲ ಎನ್ನುತ್ತಾರೆ.

ಪಿಕೆಟ್ ಎಂಬ ಪದದ ಪಾಡು ನೋಡಿದರೆ ಭಾಷೆಗೆ ಹಾಸ್ಯಪ್ರಜ್ಞೆ ಇರುವುದು ಗೊತ್ತಾಗುತ್ತದೆ. ಮೊದಲು ಅದು ಕುದುರೆ ಕಟ್ಟುವ ಚೂಪು ಗೂಟ, ಆಮೇಲೆ ದಂಡಿನ ಹೊರಗಾವಲು. 1930ರ ಕಾನೂನುಭಂಗ ಚಳವಳಿಯಲ್ಲಿ ಹೆಂಡದಂಗಡಿ, ವಿದೇಶಿ ಬಟ್ಟೆಯ ಅಂಗಡಿಗಳ ಮುಂದೆ ಹೆಂಗಸರು, ಹುಡುಗರು ನಿಂತು ಬಂದವರಿಗೆ ಕೈಮುಗಿದಾಗ ಅದರ ಹೆಸರೂ ಪಿಕೆಟಿಂಗ್. ಸರ್ಕಾರದ ಕಾವಲಿನ ಪದವನ್ನು ಸರ್ಕಾರದ ಆದಾಯದ ಮುಂದೆಯೇ ಕಾವಲು ನಿಲ್ಲಿಸಿದ್ದರು.

ಈಗ ಮತ್ತೆ ವಾಚ್‌ಮನ್ ಕಾಕಾನ ಕುರ್ಚಿಯ ಹತ್ತಿರ. ವಾಚ್ ಎಂದರೆ ಕಾವಲೂ ಹೌದು, ಹೊತ್ತಿನ ಅಳತೆಯೂ ಹೌದು. ನಮ್ಮ ಪಹರೆಯೂ ಹಾಗೆಯೇ: ಪ್ರಹರ ಎಂಬ ಮೂರು ಗಂಟೆಯ ಅಳತೆಯಿಂದ ಹುಟ್ಟಿದ್ದು. ಕನ್ನಡದ ಜಾವ ಅದೇ ಮೂರು ಗಂಟೆ. ಪುಣೆಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಖಾಸಗಿ ಕಾವಲಿನವರ ಪಾಳಿ ಸಾಮಾನ್ಯವಾಗಿ ಹನ್ನೆರಡು ಗಂಟೆ, ಅಂದರೆ ಭರ್ತಿ ನಾಲ್ಕು ಜಾವ. ರಾತ್ರಿಪಾಳಿಯವನು ಬಾರದೆ ಹೋದರೆ ಹಗಲಿನವನೇ ಮುಂದುವರಿಸುವ 'ಡಬಲ್ ಡ್ಯೂಟಿ' ಎಂಟು ಜಾವ. ಕಲಬುರಗಿ, ವಿಜಯಪುರ, ಯಾದಗಿರಿ ಕಡೆಯಿಂದ ದುಡಿಯಲಿಕ್ಕೆ ಪುಣೆಗೆ ಹೋದ ಕುಟುಂಬಗಳಲ್ಲಿ ಗಂಡಸರು ಹಗಲು ಗಾರೆ ಕೆಲಸ ಮಾಡಿ, ಅದೇ ಕಟ್ಟಡದಲ್ಲಿ ರಾತ್ರಿ ಕಬ್ಬಿಣ, ಸಿಮೆಂಟು ಕಾಯುವುದೂ ಉಂಟು. ಕಟ್ಟಡ ಮುಗಿದು ಬಾಡಿಗೆದಾರರು ಬಂದ ಮೇಲೆ ಅವರಲ್ಲೇ ಒಬ್ಬ ಪಾರ್ಕಿಂಗಿನ ಮೂಲೆಯ ಕೋಣೆಯಲ್ಲಿ ಉಳಿದು ವಾಚ್‌ಮನ್ ಆಗುತ್ತಾನೆ. ಹೆಂಡತಿ ಮೇಲಿನ ಮನೆಗಳಲ್ಲಿ ಪಾತ್ರೆ ತೊಳೆಯುತ್ತಾಳೆ, ಮಕ್ಕಳು ಮರಾಠಿ ಶಾಲೆಗೆ ಹೋಗುತ್ತವೆ. ನೀರಿನ ಮೋಟಾರು ಹಾಕುವುದು, ಕಾರು ಒರೆಸುವುದು, ಕೊರಿಯರ್ ಇಟ್ಟುಕೊಳ್ಳುವುದು ಯಾವ ನಿಘಂಟಿನ ಅರ್ಥದಲ್ಲೂ ಬರುವುದಿಲ್ಲ, ಸಂಬಳದಲ್ಲಿ ಮಾತ್ರ ಬಂದುಬಿಟ್ಟಿರುತ್ತದೆ.

ರಾತ್ರಿ ಕಾವಲಿಗೆ ನಿಂತು ಮೆರೆದವರು ಇಲ್ಲವೆಂದಲ್ಲ. ಕ್ರಿಕೆಟ್ಟಿನಲ್ಲಿ ದಿನದ ಕೊನೆಯ ಹೊತ್ತಿನಲ್ಲಿ ಒಳ್ಳೆಯ ಬ್ಯಾಟ್ಸ್‌ಮನ್‌ನನ್ನು ಉಳಿಸಲು ಕೆಳಕ್ರಮಾಂಕದವನನ್ನು ಮುಂದೆ ದೂಡುತ್ತಾರೆ. ಅವನ ಹೆಸರು ನೈಟ್ ವಾಚ್‌ಮನ್. ಬೆಳಗಾಗುತ್ತಲೇ ಔಟಾದರೂ ಯಾರೂ ಬೈಯುವುದಿಲ್ಲ. ಕರ್ನಾಟಕದ ಸೈಯದ್ ಕಿರ್ಮಾನಿ 1979ರಲ್ಲಿ ಮುಂಬೈಯ ವಾಂಖೆಡೆಯಲ್ಲಿ ಆಸ್ಟ್ರೇಲಿಯದ ವಿರುದ್ಧ ಹಾಗೆ ಇಳಿದು 101 ಹೊಡೆದು ಅಜೇಯರಾಗಿ ಉಳಿದರು. ಬಂಗಲೆಯ ಕಾವಲಿಗೆ ಬಂದವನು ಬಂಗಲೆಯ ಯಜಮಾನನಂತೆ ಆಡಿದ ದಿನ.

ಇಂದಿನ ಕಾವಲುಗಾರನ ಅರ್ಥ ಬರೆಯುವುದು ಕಾಯ್ದೆಗಳು. ಈ ವಿಷಯದಲ್ಲಿ ಮಹಾರಾಷ್ಟ್ರ ಮುಂದಿತ್ತು. 1981ರಲ್ಲೇ ಅದು ಖಾಸಗಿ ಭದ್ರತಾ ಕಾವಲುಗಾರರ ಉದ್ಯೋಗ ಮತ್ತು ಕಲ್ಯಾಣಕ್ಕೆಂದು ಕಾಯ್ದೆ ಮಾಡಿ ಮಂಡಳಿಗಳನ್ನು ರಚಿಸಿತು. ಹಮಾಲರಿಗಾಗಿ 1969ರಲ್ಲಿ ಬಂದ ಮಾಥಾಡಿ ಕಾಯ್ದೆ ಇದಕ್ಕೆ ಮಾದರಿ. ಕಾವಲಿನವರು ಮಂಡಳಿಯಲ್ಲಿ ಹೆಸರು ಬರೆಸುತ್ತಾರೆ, ಮಂಡಳಿಯೇ ಅವರನ್ನು ಸಂಸ್ಥೆಗಳಿಗೆ ಕಳುಹಿಸುತ್ತದೆ, ಸಂಬಳ ಮಂಡಳಿಯ ಮೂಲಕ ಬರುತ್ತದೆ. ಏಜೆನ್ಸಿಗಳ ಮೂಲಕ ಬಂದವರಿಗೆ ವಿನಾಯಿತಿಯ ಹೆಸರಿನಲ್ಲಿ ಬೇರೆ ದಾರಿ ಇದೆ, ಹೆಚ್ಚಿನವರು ಆ ದಾರಿಯಲ್ಲೇ ಇದ್ದಾರೆ. ಆಮೇಲೆ 2005ರಲ್ಲಿ ಕೇಂದ್ರದ ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆ ಬಂತು. ಅದರ ಮಾದರಿ ನಿಯಮಗಳ ಪ್ರಕಾರ ಹೊಸಬನಿಗೆ 100 ಗಂಟೆ ಪಾಠ, 60 ಗಂಟೆ ಬಯಲು ತರಬೇತಿ ಆಗಬೇಕು. ನಿವೃತ್ತ ಸೈನಿಕನಿಗೆ 40 ಮತ್ತು 16 ಗಂಟೆ ಸಾಕು. ಕ್ಯಾಂಪಿನ ಸೆಂಟ್ರಿ ನಿವೃತ್ತನಾಗಿ ಮಾಲ್‌ನ ಸೆಕ್ಯುರಿಟಿಯಾಗುವ ದಾರಿ ಹೀಗೆ ಹತ್ತಿರವಾಗಿದೆ. ಸೇನೆ, ಪೊಲೀಸರಂತೆ ಕಾಣುವ ಸಮವಸ್ತ್ರ ತೊಟ್ಟರೆ ಶಿಕ್ಷೆ. ಮೇನ್ ಸ್ಟ್ರೀಟಿನ ಅಂಗಡಿಗಳ ಮುಂದೆ ನೀಲಿ, ಬೂದು ಬಣ್ಣಗಳು ಹೆಚ್ಚಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು ನಿಯಮವನ್ನು ಭಾಷೆಯ ಆಸಕ್ತರು ಗಮನಿಸಬೇಕು: ಗುರುತಿನ ಚೀಟಿ, ಪರವಾನಗಿಗಳಲ್ಲಿ ಬರುವ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳನ್ನು ಕಾವಲುಗಾರ ಓದಬಲ್ಲವನಾಗಿರಬೇಕು. ಮರಾಠಿ, ಕನ್ನಡ ಬರಬೇಕೆಂದು ಅಲ್ಲಿ ಹೇಳಿಲ್ಲ. ಮುಂಬೈಯ 2008ರ ದಾಳಿ, ಪುಣೆಯ ಕೋರೇಗಾಂವ್ ಪಾರ್ಕಿನ ಜರ್ಮನ್ ಬೇಕರಿಯಲ್ಲಿ 2010ರ ಫೆಬ್ರುವರಿ 13ರಂದು ಸಿಡಿದ ಬಾಂಬು, ಇವುಗಳ ನಂತರ ಚೀಲ ತಪಾಸಣೆ, ಲೋಹಶೋಧಕ, ರಿಜಿಸ್ಟರು ಎಲ್ಲ ಆ ಕಾವಲುಗಾರನ ಕೊರಳಿಗೆ ಬಿದ್ದವು. ಮನೆಗಳ ಗೇಟಿನಲ್ಲಿ ರಿಜಿಸ್ಟರಿನ ಜಾಗಕ್ಕೆ ಫೋನು ಬಂದಿದೆ. ಅಂಥ ಆ್ಯಪ್‌ಗಳಲ್ಲಿ ಹೆಸರಾದ ಮೈಗೇಟ್ 2016ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ.

ಇಷ್ಟಾದ ಮೇಲೂ ರಾಮೋಶಿಯ ಹಳೆಯ ಪ್ರಶ್ನೆ ಹಾಗೆಯೇ ಇದೆ. ಕಳುವಾದರೆ ಯಾರು ತುಂಬಿಕೊಡಬೇಕು? ಕಾವಲುಗಾರ ಇರುವ ಪಾರ್ಕಿಂಗ್‌ನಲ್ಲೂ 'ವಾಹನಗಳಿಗೆ ಮಾಲೀಕರೇ ಜವಾಬ್ದಾರರು' ಎಂಬ ಫಲಕ ತೂಗುತ್ತದೆ. ಅಂದರೆ ಕಾವಲಿನವನಿದ್ದಾನೆ, ಕಾವಲಿನ ಹೊಣೆ ಇಲ್ಲ. ಇಂಥದೇ ಒಂದು ಚೀಟಿಯ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. 1998ರ ಆಗಸ್ಟ್ 1ರ ರಾತ್ರಿ ದೆಹಲಿಯ ತಾಜ್ ಮಹಲ್ ಹೋಟೆಲಿಗೆ ಬಂದ ಅತಿಥಿಯೊಬ್ಬರು ತಮ್ಮ ಮಾರುತಿ ಝೆನ್ ಕಾರಿನ ಕೀಲಿಯನ್ನು ಹೋಟೆಲಿನ ಆಳಿಗೆ ಕೊಟ್ಟು ಒಳಗೆ ಹೋದರು. ಹೊರಬಂದಾಗ ಕಾರು ಇರಲಿಲ್ಲ. ಪಾರ್ಕಿಂಗ್ ಚೀಟಿಯಲ್ಲಿ ಮಾಲೀಕರದ್ದೇ ಹೊಣೆ ಎಂದು ಅಚ್ಚಾಗಿತ್ತು. ವಿಮಾ ಕಂಪನಿ ಹಣ ಕೊಟ್ಟು, ಅದನ್ನು ಹೋಟೆಲಿನಿಂದ ವಸೂಲು ಮಾಡಲು ಹೊರಟಿತು. 2019ರ ನವೆಂಬರಿನಲ್ಲಿ ತೀರ್ಪು ಬಂತು. ಕೀಲಿ ತೆಗೆದುಕೊಂಡು ಕಾರನ್ನು ವಶಕ್ಕೆ ಪಡೆದ ಮೇಲೆ, 1872ರ ಕರಾರು ಕಾಯ್ದೆಯ ಪ್ರಕಾರ ಸಾಮಾನ್ಯ ವಿವೇಕವುಳ್ಳವನೊಬ್ಬ ತನ್ನ ಸ್ವಂತ ವಸ್ತುವನ್ನು ಕಾಯುವಷ್ಟು ಎಚ್ಚರದಿಂದ ಹೋಟೆಲು ಅದನ್ನು ಕಾಯಬೇಕು. ತನ್ನದೇ ಅಲಕ್ಷ್ಯಕ್ಕೆ ಚೀಟಿಯ ಸಾಲನ್ನು ಅಡ್ಡ ಹಿಡಿಯುವಂತಿಲ್ಲ ಎಂದು ಕೋರ್ಟು ಹೇಳಿತು. ಕೀಲಿ ಜೇಬಿನಲ್ಲೇ ಇಟ್ಟುಕೊಂಡು, ತಾನೇ ಗಾಡಿ ನಿಲ್ಲಿಸಿ, ಸೆಕ್ಯುರಿಟಿಯವನಿಗೆ 'ಸ್ವಲ್ಪ ನೋಡ್ಕೋರಿ' ಎಂದು ಹೇಳಿ ಹೋದವರಿಗೆ ಈ ತೀರ್ಪಿನಿಂದ ಅಷ್ಟು ಸುಲಭವಾಗಿ ಪರಿಹಾರ ಸಿಗದು. ಅಲ್ಲಿ ವಶಕ್ಕೆ ಕೊಟ್ಟದ್ದು ಗಾಡಿಯಲ್ಲ, ಮಾತು ಮಾತ್ರ.